ಗೋದಾವರಿಯಲ್ಲಿ ಹಳೆಯ ದೋಣಿ ಎಂಜಿನ್: ಕಳೆದುಹೋದ ಶಕ್ತಿ ಎಲ್ಲಿದೆ?

ನಾಸಿಕ್: ಮಳೆಗಾಲದಲ್ಲಿ ಇಲ್ಲಿನ ಗೋದಾವರಿ ದಡದವರನ್ನು ನೀರು ಎಷ್ಟು ಏರಿತೆಂದು ಕೇಳಿದರೆ ಅಡಿ, ಮೀಟರಿನ ಲೆಕ್ಕ ಸಿಗುವುದಿಲ್ಲ. ದುತೋಂಡ್ಯಾ ಮಾರುತಿಯ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕೊರಳಿಗೆ ಬಂತು ಎಂಬುದೇ ಉತ್ತರ. 2019ರ ಆಗಸ್ಟ್‌ನಲ್ಲಿ ರಾಮಕುಂಡದ ಸುತ್ತಲಿನ ದಡದ ಗುಡಿಗಳು ನೀರಿನಲ್ಲಿ ಮುಳುಗಿದ್ದವು. ಇಲ್ಲಿ ಹರಿದ ನೀರು ನಾಂದೂರ ಮಧ್ಯಮೇಶ್ವರ ದಾಟಿ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿರುವ ಜಾಯಕವಾಡಿ ಅಣೆಕಟ್ಟಿಗೆ, ಅಂದರೆ ನಾಥಸಾಗರಕ್ಕೆ ಸೇರುತ್ತದೆ. ಆ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಪೈಠಣಕ್ಕೆ ನೆರೆ ನುಗ್ಗಿದ 2006ರ ಆಗಸ್ಟ್ ತಿಂಗಳನ್ನು ಅಲ್ಲಿನವರು ಮರೆತಿಲ್ಲ.

ಇಂಥ ದಿನಗಳಲ್ಲಿ ಎಲ್ಲರೂ ಮೊದಲು ಹುಡುಕುವುದು ದೋಣಿಯನ್ನು. ದೋಣಿ ಸಿಗುತ್ತದೆ. ಅದರ ಹಿಂಬದಿಯಲ್ಲಿ ನೇತಾಡುವ ಔಟ್‌ಬೋರ್ಡ್ ಎಂಜಿನ್ ಮಾತ್ರ ವರ್ಷವಿಡೀ ಮೂಲೆಯಲ್ಲಿ ಬಿದ್ದದ್ದು. ಹಗ್ಗ ಎಳೆದೆಳೆದು ತೋಳು ಸೋತರೂ ಸದ್ದಿಲ್ಲ. ಕೆಲವೊಮ್ಮೆ ಸದ್ದು ಬಂದರೂ ಸೆಳೆತದ ಎದುರು ದೋಣಿ ಮುಂದೆ ಹೋಗುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಇದೇ ಹೆಚ್ಚು ಅಪಾಯದ್ದು, ಏಕೆಂದರೆ ಎಂಜಿನ್ ಇದೆ ಎಂಬ ಧೈರ್ಯದಲ್ಲಿ ಜನ ಹತ್ತಿ ಕುಳಿತಿರುತ್ತಾರೆ.

‘ಎಂಜಿನ್ ಹಳತಾಯಿತು, ಹೊಸತು ತನ್ನಿ’ ಎಂದು ಹೇಳುವುದು ಸುಲಭ. ಆದರೆ ಹೊಸತೆಂದರೆ ಲಕ್ಷದ ಮಾತು. ಗಂಗೊಳ್ಳಿ, ಮಲ್ಪೆ, ಉಳ್ಳಾಲದ ಕಡೆಯಿಂದ ಹೋಟೆಲು, ಕಾರ್ಖಾನೆಗಳ ಕೆಲಸಕ್ಕೆ ಬಂದು ನಾಸಿಕ್, ಸಂಭಾಜಿನಗರಗಳನ್ನು ಕರ್ಮಭೂಮಿ ಮಾಡಿಕೊಂಡ ನಮ್ಮವರಲ್ಲಿ ನಾಡದೋಣಿಯ ಪರಿಚಯವಿರುವವರು ಕಡಿಮೆಯಿಲ್ಲ. ಹಳೆಯ ಎಂಜಿನ್ನಿನ ಶಕ್ತಿ ಒಮ್ಮೆಲೇ ಸಾಯುವುದಿಲ್ಲ, ನಾಲ್ಕಾರು ಕಡೆ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಸೋರಿದ್ದನ್ನು ಒಂದೊಂದಾಗಿ ಹಿಡಿದರೆ ಹೆಚ್ಚಿನ ಪಾಲು ಮರಳಿ ಸಿಗುತ್ತದೆ.

ಆದರೆ ಕರಾವಳಿಯ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತಂದರೆ ತಪ್ಪುತ್ತದೆ. ಮಲ್ಪೆಯಲ್ಲಿ ಎಂಜಿನ್ ಓಡುವುದು ಸಮುದ್ರಮಟ್ಟದಲ್ಲಿ. ನಾಸಿಕ್ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ನಾಥಸಾಗರ ಸುಮಾರು 460 ಮೀಟರ್ ಎತ್ತರದಲ್ಲಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ಸುಮಾರು ಶೇ. 3ರಷ್ಟು ಇಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಅಂದರೆ ಊರಿನಲ್ಲಿ 25 ಅಶ್ವಶಕ್ತಿ ಕೊಡುತ್ತಿದ್ದದ್ದು ಗಂಗಾಪುರ ಅಣೆಕಟ್ಟಿನ ನೀರಿನಲ್ಲಿ 23.5ರ ಆಸುಪಾಸಿಗೆ ಬರುತ್ತದೆ. ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲದಿದ್ದರೂ ಇಷ್ಟು ನಷ್ಟ ಇದ್ದೇ ಇದೆ. ಇದನ್ನು ತಿಳಿಯದೆ ಕಾರ್ಬೊರೇಟರನ್ನು ಹತ್ತು ಸಲ ಬಿಚ್ಚಿದವರಿದ್ದಾರೆ.

ಇದಕ್ಕೆ ಮದ್ದು ಇರುವುದು ಎಂಜಿನ್ನಿನ ಒಳಗಲ್ಲ, ಪ್ರೊಪೆಲ್ಲರ್‌ನಲ್ಲಿ. ಪ್ರೊಪೆಲ್ಲರ್ ಮೇಲೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಅಗಲ, ಎರಡನೆಯದು ಪಿಚ್, ಎಂದರೆ ಜಾರದೆ ಒಂದು ಸುತ್ತು ತಿರುಗಿದರೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ಪಿಚ್ ದೊಡ್ಡದಾದಷ್ಟೂ ಎಂಜಿನ್ನಿಗೆ ಭಾರ. ಘಾಟಿಯಲ್ಲಿ ತುಂಬಿದ ಲಾರಿಯನ್ನು ಮೇಲಿನ ಗೇರಿನಲ್ಲೇ ಎಳೆಸಿದ ಹಾಗೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಮುಟ್ಟಬೇಕು ಎಂಬುದು ಕೈಪಿಡಿಯಲ್ಲಿ ಇರುತ್ತದೆ. ಹಳೆಯ ಹಲವು ಮಾದರಿಗಳಿಗೆ ಅದು 4,500ರಿಂದ 5,500ರ ನಡುವೆ. ಸುತ್ತು ಅಳೆಯುವ ಮೀಟರನ್ನು ಒಂದು ದಿನದ ಮಟ್ಟಿಗೆ ಯಾರಿಂದಲಾದರೂ ತಂದು, ಎಂದಿನಷ್ಟೇ ಜನರನ್ನು ಕೂರಿಸಿ ನೋಡಬೇಕು. ಹೇಳಿದ ಸುತ್ತು ಮುಟ್ಟದಿದ್ದರೆ ಪಿಚ್ ಇಳಿಸಬೇಕು. ಒಂದು ಇಂಚು ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಸುತ್ತು ಏರುತ್ತದೆ. ಖಾಲಿ ದೋಣಿಯ ವೇಗ ತುಸು ಕಡಿಮೆ ಎನಿಸಬಹುದು, ಆದರೆ ತುಂಬಿದ ದೋಣಿ ಸೆಳೆತದ ಎದುರು ಏರುತ್ತದೆ. ನಮಗೆ ಬೇಕಾದದ್ದು ಅದೇ ತಾನೆ?

ಪ್ರೊಪೆಲ್ಲರ್ ಅಂಚು ಬಂಡೆಗೆ ತಾಗಿ ಮಡಚಿದ್ದರೆ, ಒಡೆದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಇನ್ನೊಂದು ಕಳ್ಳ ದೋಷವೂ ಉಂಟು. ಪ್ರೊಪೆಲ್ಲರ್‌ನ ನಡುವಿನ ರಬ್ಬರ್ ಹಬ್ ಸವೆದು ಜಾರುತ್ತಿದ್ದರೆ ಎಂಜಿನ್ ಜೋರಾಗಿ ಕೂಗುತ್ತದೆ, ದೋಣಿ ಕದಲುವುದಿಲ್ಲ. ಗೇರು ಹೋಯಿತೆಂದು ಹೆದರಿ ದೊಡ್ಡ ಖರ್ಚಿಗೆ ಇಳಿಯುವ ಮುನ್ನ ಇದನ್ನು ನೋಡುವುದು ಒಳಿತು.

ಎಂಜಿನ್ ಕಟ್ಟಿದ ಎತ್ತರವೂ ಮುಖ್ಯ. ಪ್ರೊಪೆಲ್ಲರ್‌ನ ಮೇಲೆ ಒಂದು ಅಡ್ಡ ತಟ್ಟೆ ಇರುತ್ತದಲ್ಲ, ಅದು ದೋಣಿಯ ತಳಕ್ಕೆ ಸರಿಸಮವಾಗಿ, ಹೆಚ್ಚೆಂದರೆ ಒಂದಿಂಚು ಆಚೀಚೆ ಇರಬೇಕು. ತೀರ ಕೆಳಗಿದ್ದರೆ ನೀರಿನ ಎಳೆತ ಹೆಚ್ಚು, ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಕಚ್ಚಿ ಬರಿದೇ ತಿರುಗುತ್ತದೆ. ಎಂಜಿನ್ನಿನ ಕಾಲುಗಳಲ್ಲಿ 15 ಇಂಚಿನದು, 20 ಇಂಚಿನದು ಎಂದು ಎರಡು ಬಗೆ ಸಾಮಾನ್ಯ. ಎಲ್ಲಿಂದಲೋ ಅಗ್ಗಕ್ಕೆ ಸಿಕ್ಕಿತೆಂದು ತಂದ ಎಂಜಿನ್ ಇಲ್ಲಿನ ದೋಣಿಯ ಹಿಂಬದಿ ಹಲಗೆಗೆ ಹೊಂದದಿರುವುದು ಅಪರೂಪವಲ್ಲ. ಹಳೆಯ ಫೈಬರ್ ದೋಣಿಯ ಒಳಗಿನ ಥರ್ಮೋಕೋಲಿನಂಥ ಫೋಮು ವರ್ಷಗಟ್ಟಲೆ ನೀರು ಕುಡಿದು ಭಾರವಾಗಿರುವುದೂ ಉಂಟು. ಆಗ ತಪ್ಪು ದೋಣಿಯದು, ಬೈಗುಳ ಎಂಜಿನ್ನಿಗೆ.

ಇನ್ನು ಇಂಧನದ ವಿಷಯ. ಕರಾವಳಿಯ ನಾಡದೋಣಿಗಳಲ್ಲಿ ಬಹುಕಾಲ ನಡೆದದ್ದು ಸೀಮೆಎಣ್ಣೆಯ ಎಂಜಿನ್. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬರುವುದು ಅದರ ಕ್ರಮ. ಸಬ್ಸಿಡಿ ಸೀಮೆಎಣ್ಣೆಗೆ ತತ್ವಾರವಾದಂತೆ ಊರಿನಲ್ಲಿ ಹಲವರು ಪೆಟ್ರೋಲ್ ಎಂಜಿನ್ನಿಗೆ ಬದಲಾಗುತ್ತಿದ್ದಾರೆ. ಹಾಗೆ ಬಿಟ್ಟುಕೊಟ್ಟ ಹಳೆಯ ಎಂಜಿನ್ ಯಾರ ಕೈಗಾದರೂ ಬಂದರೆ ಮೊದಲು ಅದರ ಪಟ್ಟಿಯ ಮೇಲಿನ ಮಾದರಿ ನೋಡಬೇಕು. ಸೀಮೆಎಣ್ಣೆಗೆಂದೇ ಮಾಡಿದ ಎಂಜಿನ್ನಿನ ಕಂಪ್ರೆಶನ್ ಕಡಿಮೆ. ಅದಕ್ಕೆ ಬರೀ ಪೆಟ್ರೋಲ್ ಹಾಕಿದರೂ ಪೆಟ್ರೋಲ್ ಮಾದರಿಯ ಶಕ್ತಿ ಬರದು. ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆ ಬೆರೆಸುವುದಂತೂ ಪಿಸ್ಟನ್ ಸುಡುವ ದಾರಿ.

ಇಂದಿನ ಪಂಪುಗಳ ಪೆಟ್ರೋಲೂ ಹಳೆಯದಲ್ಲ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2023ರಿಂದ ಹಂತಹಂತವಾಗಿ ಬಂದು ಈಗ ಎಲ್ಲೆಡೆ ಇದೆ. ಎಥನಾಲ್ ನೀರನ್ನು ಹೀರುತ್ತದೆ. ದೋಣಿಯ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ನೀರು ಸೇರಿದ ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಎಂಜಿನ್ ಮೊದಲು ಕುಡಿಯುವುದು ಅದನ್ನೇ. ಹಳೆಯ ಕಾಲದ ರಬ್ಬರ್ ಪೈಪು, ಕೈಯಿಂದ ಒತ್ತುವ ಬಲ್ಬು, ಇಂಧನ ಪಂಪಿನ ತೆಳು ಪೊರೆ ಇವು ಎಥನಾಲಿಗೆ ಮೆತ್ತಗಾಗಿ ಉಬ್ಬುತ್ತವೆ, ಇಲ್ಲವೇ ಬಿರಿಯುತ್ತವೆ. ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಉಸಿರು ಬಿಡುವ ಎಂಜಿನ್ನಿನ ರೋಗ ಬಹುಪಾಲು ಇಲ್ಲೇ ಇರುತ್ತದೆ. ಪೈಪು, ಬಲ್ಬು, ಪೊರೆ ಮೂರನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ನೀರು ಬೇರ್ಪಡಿಸುವ ಒಂದು ಫಿಲ್ಟರ್ ಕೂರಿಸಿದರೆ ಆ ಖರ್ಚು ಹುಟ್ಟುತ್ತದೆ.

ವಾಳೂಜ್, ಚಿಕಲ್‌ಠಾಣಾ ಕಡೆ ಎರಡು ಸ್ಟ್ರೋಕಿನ ಸ್ಕೂಟರ್‌ಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದ ಕೈಗಳು ಇನ್ನೂ ಇವೆ. ಹಳೆಯ ಔಟ್‌ಬೋರ್ಡ್ ಕೂಡ ಎರಡು ಸ್ಟ್ರೋಕಿನದೇ ಆದ್ದರಿಂದ ಅವರು ಧಾರಾಳವಾಗಿ ಕೈಹಾಕಬಹುದು. ಒಂದು ಎಚ್ಚರ ಬೇಕು: ಸ್ಕೂಟರಿನ 2ಟಿ ಎಣ್ಣೆ ಇದಕ್ಕಲ್ಲ. ಅದು ಗಾಳಿಯಿಂದ ತಣಿಯುವ ಎಂಜಿನ್ನಿನದು. ನೀರಿನಿಂದ ತಣಿಯುವ ದೋಣಿ ಎಂಜಿನ್ನಿಗೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ ಎಣ್ಣೆಯೇ ಬೇಕು. ಬೆರಕೆಯ ಪ್ರಮಾಣ ಆಯಾ ಎಂಜಿನ್ನಿನ ಕೈಪಿಡಿಯಂತೆ. ಹಲವಕ್ಕೆ 50ಕ್ಕೆ 1, ತೀರ ಹಳೆಯವಕ್ಕೆ ಎಣ್ಣೆ ಇನ್ನೂ ಹೆಚ್ಚು.

ಸಮುದ್ರದಲ್ಲಿ ಉಪ್ಪು ಶತ್ರುವಾದರೆ ಗೋದಾವರಿಯಲ್ಲಿ ಕೆಸರು ಮತ್ತು ಕಳೆ. ಇಲ್ಲಿಯವರು ಪಾಣವೇಲಿ ಎನ್ನುವ ಅಂತರಗಂಗೆ ಕಳೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವುದಲ್ಲದೆ ತಣಿಸುವ ನೀರು ಒಳಗೆ ಹೋಗುವ ಕಿಂಡಿಯನ್ನೂ ಮುಚ್ಚುತ್ತದೆ. ಮಳೆಗಾಲದ ಕೆಂಪು ನೀರಿನ ಮರಳು ನೀರು ಪಂಪಿನ ರಬ್ಬರ್ ಇಂಪೆಲ್ಲರನ್ನು ಅರೆದುಬಿಡುತ್ತದೆ. ಎಂಜಿನ್ ಓಡುವಾಗ ಪಕ್ಕದಿಂದ ನೀರಿನ ಸಣ್ಣ ಧಾರೆ ಚಿಮ್ಮುತ್ತಿರಬೇಕು. ಧಾರೆ ಸೊರಗಿದರೆ ಆ ಕ್ಷಣವೇ ನಿಲ್ಲಿಸಿ ನೋಡುವುದು. ಇನ್ನೂ ಸ್ವಲ್ಪ ದೂರ ಹೋಗಿಬಿಡೋಣ ಎಂದವರ ಎಂಜಿನ್ ಜಾಮ್ ಆಗಿ ನಡುನೀರಿನಲ್ಲೇ ನಿಲ್ಲಬಹುದು. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಬಲೆಯ ನೈಲಾನ್ ದಾರ ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ಯುವುದು ಸಾಮಾನ್ಯ.

ಇಷ್ಟಕ್ಕೆಲ್ಲ ಹಣ ಹಾಕುವ ಮುನ್ನ ಹತ್ತು ನಿಮಿಷದ ಒಂದು ಪರೀಕ್ಷೆ ಇದೆ. ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಯುವುದು. ಎಲ್ಲವೂ ಒಂದಕ್ಕೊಂದು ಶೇ. 10ರೊಳಗೆ ಹತ್ತಿರವಿದ್ದರೆ ಎಂಜಿನ್ನಿನ ಎದೆ ಗಟ್ಟಿಯಿದೆ, ಧೈರ್ಯವಾಗಿ ಮುಂದುವರಿಯಬಹುದು. ಒಂದು ಮಾತ್ರ ತೀರ ಕೆಳಗಿದ್ದರೆ ಉಂಗುರವೋ ಪಿಸ್ಟನ್ನೋ ಸವೆದಿದೆ, ಆಗ ಹೊಸ ಪ್ರೊಪೆಲ್ಲರ್ ತಂದೂ ಫಲವಿಲ್ಲ.

ಊರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೊಡ್ಡ ಬೋಟುಗಳು ದಡ ಸೇರಿ ಎಂಜಿನ್ ಕೆಲಸ ನಡೆಯುವ ಕಾಲ ಅದು. ಇಲ್ಲಿ ಪಂಚಾಂಗ ತಿರುವುಮುರುವು. ಊರಿನವರು ಎಂಜಿನ್ ಬಿಚ್ಚಿಡುವ ತಿಂಗಳುಗಳಲ್ಲೇ ಗೋದಾವರಿಗೆ ಎಂಜಿನ್ ಬೇಕಾಗುವುದು. ಆದ್ದರಿಂದ ಇಲ್ಲಿನ ರಿಪೇರಿ ಏಪ್ರಿಲ್, ಮೇ ತಿಂಗಳಲ್ಲೇ ಮುಗಿಯಬೇಕು. ನಾಸಿಕ್‌ನಲ್ಲಿ 2027ರ ಸಿಂಹಸ್ಥ ಕುಂಭದ ಮುಖ್ಯ ಸ್ನಾನಗಳೂ ಮಳೆಗಾಲದಲ್ಲೇ ಬರುತ್ತವೆ. ಪೈಠಣದ ನಾಥಸಾಗರ ಪಕ್ಷಿಧಾಮವೂ ಆಗಿರುವುದರಿಂದ ಅಲ್ಲಿ ನೀರಿಗಿಳಿಸಿ ಪರೀಕ್ಷಿಸುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಬೇಕು. ಎಂಜಿನ್ ಶುರುವಾಗುತ್ತದೆಯೇ, ಧಾರೆ ಸರಿಯಾಗಿ ಬರುತ್ತದೆಯೇ ಎಂದು ನೋಡಲು ಹೊಳೆಯೇ ಬೇಕೆಂದಿಲ್ಲ. ಹೋಟೆಲಿನ ಹಿಂದೆ ಬಿದ್ದಿರುವ 200 ಲೀಟರಿನ ಡ್ರಮ್ಮಿಗೆ ನೀರು ತುಂಬಿಸಿ, ಗಟ್ಟಿಯಾದ ಸ್ಟ್ಯಾಂಡಿಗೆ ಎಂಜಿನ್ ಬಿಗಿದು, ಪ್ರೊಪೆಲ್ಲರ್ ಕಳಚಿಟ್ಟು, ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಮೆಲ್ಲಗೆ ಓಡಿಸಿದರಾಯಿತು.