ನಮ್ಮ ಮನೆಯ ಚಿಗಳಿ

ತನ್ನ ಪಾಂಡಿತ್ಯವನ್ನು ಎಲ್ಲಿ ಮೆರೆಸಬೇಕು, ಎಲ್ಲಿ ಅಡಗಿಸಿಡಬೇಕು ಎಂಬ ವಿವೇಕವಿಲ್ಲದವನು ಎಂತಹ ನಷ್ಟಕ್ಕೆ ಗುರಿಯಾಗುವನೆಂಬುದಕ್ಕೆ ನಾವೇ ಸಾಕ್ಷಿ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ನಮ್ಮ ಗೃಹಿಣಿಯು ಹಿತ್ತಿಲಿನ ಒರಳಿನಲ್ಲಿ ಚಿಗಳಿಯನ್ನು ಕುಟ್ಟುತ್ತಿದ್ದಳು. ಸಮೀಪದಲ್ಲಿ ಮಣೆಯ ಮೇಲೆ ಕುಳಿತಿದ್ದ ನಾವು, ಸೂರ್ಯನು ಮುಳುಗಿದ ಮೇಲೆ ಎಳ್ಳು ಸೇರಿದ ಯಾವ ಪದಾರ್ಥವನ್ನೂ ತಿನ್ನಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ವಿಧಿಯುಂಟೆಂದು ಗಾಂಭೀರ್ಯದಿಂದ ತಿಳಿಸಿದೆವು. ಆಕೆ ಒನಕೆಯನ್ನು ನಿಲ್ಲಿಸಿ, “ಹೌದೆ? ನನಗೆ ತಿಳಿದೇ ಇರಲಿಲ್ಲ” ಎಂದಳು. ಅಂದಿನಿಂದ 34 ವರ್ಷಗಳ ಕಾಲ, ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಚಿಗಳಿಯ ಡಬ್ಬವು ಅಟ್ಟವನ್ನು ಏರುತ್ತ ಬಂದಿದೆ.

ಮನುವಿನ ಉಳಿದ ವಿಧಿಗಳಲ್ಲಿ ಎಷ್ಟನ್ನು ನಮ್ಮ ಮನೆಯಲ್ಲಿ ನಡೆಸುತ್ತಿರುವರೆಂದು ಕೇಳಬಾರದು. ಇದೊಂದು ಮಾತ್ರ ಅಕ್ಷರಶಃ ನಡೆಯುತ್ತಿದೆ. ಇದರ ಫಲವಾಗಿ ನಾವು ಪಂಚಾಂಗದಲ್ಲಿ ಸೂರ್ಯಾಸ್ತದ ಕಾಲವನ್ನು ನೋಡುವಷ್ಟು ಶ್ರದ್ಧೆಯಿಂದ ರಾಹುಕಾಲವನ್ನು ಕೂಡ ನೋಡಿದವರಲ್ಲ. ಮೈಸೂರಿನ ಸೀಮೆಯಲ್ಲಿ ಜುಲೈ ತಿಂಗಳಿನಲ್ಲಿ ಸೂರ್ಯನು 6 ಗಂಟೆ 50 ನಿಮಿಷದ ಸುಮಾರಿಗೆ ಮುಳುಗುವನು. ನವೆಂಬರ್ ಕೊನೆಯಲ್ಲಾದರೋ 6 ಗಂಟೆಗೂ ಮುನ್ನವೇ ಹೊರಟುಹೋಗುವನು. ಚಳಿಯಲ್ಲಿ ಎಳ್ಳು ಬೆಲ್ಲ ಹೆಚ್ಚು ಹಿತವೆಂದು ವೈದ್ಯರು ಹೇಳುವ ಋತುವಿನಲ್ಲಿಯೇ ನಮಗೆ ದಿನಕ್ಕೆ ಒಂದು ಗಂಟೆಯ ನಷ್ಟ! ನಿವೃತ್ತರಾದ ಮೇಲೆ ಹಗಲೆಲ್ಲ ಮನೆಯಲ್ಲಿರುವ ಕಾರಣ ಸ್ಥಿತಿ ಎಷ್ಟೋ ಸುಧಾರಿಸಿದೆ.

ಚಿಗಳಿಯೆಂದರೆ ಧಾರವಾಡದ ಕಡೆಯ ವಾಚಕರಿಗೆ ಹುಣಸೆಹಣ್ಣಿನ ಉಂಡೆಯು ನೆನಪಾಗಿ ಬಾಯಲ್ಲಿ ನೀರೂರಬಹುದು. ನಾವು ಹೇಳುವುದು ಅದಲ್ಲ. ಹಳೆಯ ಮೈಸೂರಿನ ಮನೆಗಳಲ್ಲಿ ನಾಗರಚೌತಿ ಪಂಚಮಿಗಳಿಗೆ ತಂಬಿಟ್ಟಿನ ಜೊತೆಗೆ ಹುತ್ತದ ಮುಂದೆ ಇಡುವ ಎಳ್ಳು ಬೆಲ್ಲದ ಚಿಗಳಿ. ಆ ದಿನ ಬಾಣಲೆಯನ್ನು ಒಲೆಗೇರಿಸದ ಮನೆಗಳಲ್ಲಿ ಹಸಿಯ ಎಳ್ಳನ್ನೇ ಕುಟ್ಟುವರು. ಮಿಕ್ಕ ದಿನಗಳಲ್ಲಿ ಮಾಡುವಾಗ ಎಳ್ಳನ್ನು ಹದವಾಗಿ ಹುರಿಯುವುದುಂಟು. ನಾಗಪ್ಪನಿಗೆ ವರ್ಷಕ್ಕೊಮ್ಮೆ ಸಾಕಾಗುವುದು, ನಮಗೆ ಸಾಲದು. ಆದುದರಿಂದ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಸಲ ಒರಳು ಶಬ್ದಮಾಡುವುದು.

ಈ ತಿಂಡಿಗೆ ಪಾಕವಿಲ್ಲ, ತುಪ್ಪವಿಲ್ಲ, ಹಾಲಿಲ್ಲ. ತುಪ್ಪವಿಲ್ಲದೆ ಉಂಡೆ ಹೇಗೆ ನಿಲ್ಲುವುದೆಂದು ಕೇಳುವವರಿಗೆ ನಮ್ಮ ಭಾಷೆಯೇ ಉತ್ತರ ಹೇಳುವುದು. ‘ಎಳ್’ ಎಂಬುದಕ್ಕೆ ತುಪ್ಪ, ಜಿಡ್ಡು ಎಂಬ ಅರ್ಥದ ‘ನೆಯ್’ ಸೇರಿ ‘ಎಣ್ಣೆ’ಯಾಯಿತೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಸಂಸ್ಕೃತದಲ್ಲಿಯೂ ‘ತಿಲ’ದಿಂದಲೇ ‘ತೈಲ’. ಹೀಗಿರುವಾಗ ಎಳ್ಳಿಗೆ ತುಪ್ಪವನ್ನು ಹಾಕುವುದು ಉಪಾಧ್ಯಾಯರಿಗೆ ಅಕ್ಷರ ಕಲಿಸಿದಂತೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ, ಕಬ್ಬಿನ ಬೆಲ್ಲದೊಡನೆ ಅರೆದ ಎಳ್ಳಿಗೆ ‘ಪಲಲ’ವೆಂದು ಹೆಸರು ಕೊಟ್ಟು, ಅದು ಪುಷ್ಟಿಕರ, ಸ್ನಿಗ್ಧ, ಗುರು ಎಂದು ಗುಣಗಳನ್ನು ಎಣಿಸಿರುವನು. ಇಲ್ಲಿ ‘ಗುರು’ ಎಂದರೆ ಜೀರ್ಣಕ್ಕೆ ಭಾರವಾದುದು ಎಂದರ್ಥ. ನಾವು ಆ ಶಬ್ದವು ನಮ್ಮ ವೃತ್ತಿಗೆ ಸಂಬಂಧಿಸಿದ್ದೆಂದು ವ್ಯಾಖ್ಯಾನಿಸಿ, ಒಂದು ದಿನ ಊಟಕ್ಕೆ ಮುಂಚೆ ಆರು ಉಂಡೆಗಳನ್ನು ತಿಂದೆವು. ಭಾವಮಿಶ್ರನ ಅರ್ಥವೇ ಸರಿಯೆಂದು ರಾತ್ರಿ ಗೊತ್ತಾಯಿತು.

ಇಷ್ಟುಕಾಲ ಈ ಡಬ್ಬಕ್ಕೆ ನಾವೊಬ್ಬರೇ ಹಕ್ಕುದಾರರಾಗಿದ್ದೆವು. ಎರಡು ವರ್ಷಗಳ ಕೆಳಗೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಕಿರಿಯ ಮಗನು ಹಬ್ಬಕ್ಕೆ ಬಂದವನು, ತಾನು ವೀಗನ್ ಆಗಿರುವೆನೆಂದು ಸಾರಿದನು. 1944ರಲ್ಲಿ ಇಂಗ್ಲೆಂಡಿನಲ್ಲಿ ಕೆಲವರು ಸಸ್ಯಾಹಾರಿಗಳ ಸಂಘದಿಂದ ಬೇರೆಯಾಗಿ ವೀಗನ್ ಸೊಸೈಟಿಯನ್ನು ಕಟ್ಟಿಕೊಂಡು ಹುಟ್ಟಿಸಿದ ಹೆಸರಂತೆ ಅದು. ಮಾಂಸವಷ್ಟೇ ಅಲ್ಲ, ಹಾಲು ಮೊಸರು ತುಪ್ಪ ಜೇನು ಒಂದೂ ಕೂಡದು. ಅವನ ತಾಯಿ ಹೋಳಿಗೆಯನ್ನು ತಂದಳು, ತುಪ್ಪವಿದೆಯೆಂದನು. ಪಾಯಸವನ್ನು ತಂದಳು, ಹಾಲಿದೆಯೆಂದನು. ಹಬ್ಬದ ದಿನ ಮಗನು ಬರಿಯ ಕೋಸಂಬರಿಯನ್ನು ತಿಂದು ಏಳುವುದನ್ನು ಕಾಣಲಾರದೆ ಆಕೆ ಡಬ್ಬವನ್ನೇ ಇಳಿಸಿ ಅವನ ಮುಂದಿಟ್ಟಳು. “ಅಪ್ಪಾ, ನಮ್ಮ ಮನೆಯಲ್ಲಿ ಇಂಥದೊಂದು ಇದೆಯೆಂದು ನನಗೆ ಯಾರೂ ಹೇಳಲೇ ಇಲ್ಲವಲ್ಲ!” ಎಂದು ಅವನು ನಮ್ಮ ಕಡೆ ತಿರುಗಿದಾಗ, ನಾವು ಕಿಟಕಿಯ ಹೊರಗೆ ಏನನ್ನೋ ನೋಡುತ್ತಿದ್ದೆವು.

ಅವನು ತನ್ನ ಫೋನಿನಲ್ಲಿ ನೋಡಿ ಲೆಕ್ಕವೊಪ್ಪಿಸಿದನು: ನೂರು ಗ್ರಾಂ ಎಳ್ಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, 18 ಗ್ರಾಂನಷ್ಟು ಪ್ರೋಟೀನು. ಸಿಪ್ಪೆ ತೆಗೆಯದ ಎಳ್ಳಾದರೆ ಸುಣ್ಣದ ಅಂಶವು ಅದೇ ತೂಕದ ಹಸುವಿನ ಹಾಲಿಗಿಂತ ಎಷ್ಟೋ ಪಾಲು ಹೆಚ್ಚು. ಆದರೆ ಸಿಪ್ಪೆಯಲ್ಲಿರುವ ಆಕ್ಸಲೇಟ್ ಎಂಬ ವಸ್ತುವು ತಡೆಯುವುದರಿಂದ ಅದೆಲ್ಲವೂ ಮೈಗೆ ಹತ್ತುವುದಿಲ್ಲ. ಬೆಲ್ಲವೂ ಸಕ್ಕರೆಯ ದಾಯಾದಿಯೇ, ದಿನಕ್ಕೆ ಎರಡು ಉಂಡೆ ಸಾಕು ಎಂದೂ ಸೇರಿಸಿದನು. ಮೊದಲನೆಯ ಭಾಗವನ್ನು ನಾವು ಬರೆದಿಟ್ಟುಕೊಂಡೆವು.

ಕಳೆದ ವರ್ಷ ಶ್ರಾವಣಕ್ಕೆ ಮುನ್ನ ಗೃಹಿಣಿಯು ಹಿತ್ತಿಲಿನ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡಳು. ಕಟ್ಟು ಬಿಚ್ಚಿದ ಮೇಲೆಯೂ ಒನಕೆಯನ್ನು ಮುಟ್ಟಕೂಡದೆಂದು ವೈದ್ಯರ ಆಜ್ಞೆಯಾಯಿತು. ನಮಗೆ ಆಕೆಯ ಕೈಯ ಚಿಂತೆ ಮೊದಲು, ಚಿಗಳಿಯ ಚಿಂತೆ ಆಮೇಲೆ ಎಂದು ಬರೆಯಲು ಇಷ್ಟವುಂಟು. ಎರಡೂ ಒಟ್ಟಿಗೆ ಬಂದವೆಂಬುದೇ ಸತ್ಯ.

ಮೊದಲು ಮಿಕ್ಸಿಯನ್ನು ನಂಬಿದೆವು. ಅದು ಒಂದೇ ಉಸಿರಿಗೆ ತಿರುಗಿ ಬಿಸಿಯೇರಿತು. ಎಳ್ಳು ಎಣ್ಣೆ ಬಿಟ್ಟಿತು, ಬೆಲ್ಲ ಕರಗಿತು, ಎರಡೂ ಸೇರಿ ಗಾಡಿಯ ಕೀಲಿಗೆ ಹಚ್ಚುವ ಮಸಿಯಂತಾಗಿ ಅಲಗಿನ ಅಡಿಯಲ್ಲಿ ಕಚ್ಚಿಕೊಂಡಿತು. ತಡೆತಡೆದು ತಿರುಗಿಸಬೇಕಾಗಿತ್ತೆಂದು ಆಮೇಲೆ ತಿಳಿಯಿತು. ಅಂಗಡಿಯ ಎಳ್ಳುಂಡೆಯನ್ನು ತಂದೆವು. ಅದು ಹಲ್ಲಿನೊಡನೆ ಜಗಳಕ್ಕೆ ನಿಂತಿತು. ಕೊನೆಗೆ, “ಅಷ್ಟು ಆಸೆಯಿದ್ದರೆ ಪಲಲವನ್ನು ನೀವೇ ಕುಟ್ಟಿಕೊಳ್ಳಿ. ಒರಳು ಎಲ್ಲಿಗೂ ಹೋಗಿಲ್ಲ” ಎಂದಳು.

ಎರಡು ಪಾವು ಕರಿಯ ಎಳ್ಳನ್ನು ನೀರಿನಲ್ಲಿ ಜಾಲಿಸಿ ಕಲ್ಲು ಮರಳನ್ನು ಬೇರೆಮಾಡುವುದರಲ್ಲಿ ಒಂದು ಬೆಳಗು ಕಳೆಯಿತು. ಬಿಸಿಲಿನಲ್ಲಿ ಒಣಗಿಸುವುದರಲ್ಲಿ ಮತ್ತೊಂದು ದಿನ. ಮೂರನೆಯ ದಿನ ಮಧ್ಯಾಹ್ನ ಬಾಣಲೆಯಲ್ಲಿ ಚಟಪಟಗುಟ್ಟುವವರೆಗೆ ಹುರಿದು, ಆರಿಸಿ, ಒಂದೂವರೆ ಪಾವು ಪುಡಿಬೆಲ್ಲವನ್ನೂ ನಾಲ್ಕು ಏಲಕ್ಕಿಯನ್ನೂ ಸಿದ್ಧಮಾಡಿಕೊಂಡು ಒರಳಿನ ಮುಂದೆ ನಿಂತೆವು. ಆಕೆಯು ಕೈಯನ್ನು ಮಡಿಲಲ್ಲಿಟ್ಟುಕೊಂಡು, ನಾವು ಶಾಸ್ತ್ರ ಹೇಳುತ್ತಿದ್ದ ಆ ಹಳೆಯ ಮಣೆಯ ಮೇಲೆಯೇ ಕುಳಿತಳು. ಮೊದಲ ಹತ್ತು ಪೆಟ್ಟಿಗೆ ಎಳ್ಳು ನಾಲ್ಕು ದಿಕ್ಕಿಗೂ ಹಾರಿತು. “ತೋಳಿನಿಂದ ಕುಟ್ಟಬೇಡಿ. ಒನಕೆಯನ್ನು ಎತ್ತುವುದಷ್ಟೇ ನಿಮ್ಮ ಕೆಲಸ, ಬೀಳುವುದು ಅದರ ಕೆಲಸ” ಎಂದಳು. ಹುಡುಗರಿಗೆ ತಪ್ಪಿಗೆ ನೂರು ಸಲ ಬರೆಯಿರೆಂದು ವಿಧಿಸುತ್ತಿದ್ದವರು ನಾವು. ಆ ಹುಡುಗರಲ್ಲಿ ಒಬ್ಬನಾದರೂ ಅಂದು ಬೇಲಿಯಾಚೆ ಹಾದುಹೋಗಿದ್ದರೆ ಅವನಿಗೆ ಜನ್ಮ ಸಾರ್ಥಕವಾಗುತ್ತಿತ್ತು.

ನಡುನಡುವೆ ಕುಳಿತು ಸುಧಾರಿಸಿಕೊಂಡು, ಎಳ್ಳು ತನ್ನ ಎಣ್ಣೆಯಿಂದ ತಾನೇ ಬೆಲ್ಲವನ್ನು ಹಿಡಿದುಕೊಳ್ಳುವವರೆಗೆ ಸುಮಾರು 600 ಪೆಟ್ಟುಗಳಾದುವು. ಅಂಗೈಯಲ್ಲಿ ಎರಡು ಬೊಕ್ಕೆಗಳೆದ್ದವು. ಲೆಕ್ಕದ ಚಟ ಬಿಡದ ಮನಸ್ಸು ಸುಮ್ಮನಿರದೆ, ತಿಂಗಳಿಗೆ ಎರಡು ಸಲದಂತೆ 34 ವರ್ಷಕ್ಕೆ ಗುಣಿಸಿತು: 4,89,600. ಎರಡನೆಯ ಬಾರಿ ಗುಣಿಸಿದರೂ ಅಷ್ಟೇ ಬಂದಿತು. ಒನಕೆಯನ್ನು ಗೋಡೆಗೆ ಒರಗಿಸಿ ಆಕೆಯ ಮಣಿಕಟ್ಟಿನ ಕಡೆ ನೋಡಿದೆವು. ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ.

ಆಕೆಯು ಎಡಗೈಯಿಂದ ಒಂದು ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡು, “ಇನ್ನೊಂದು ಐವತ್ತು ಪೆಟ್ಟು ಬೇಕಾಗಿತ್ತು. ಆದರೂ ಪರವಾಗಿಲ್ಲ” ಎಂದಳು. ಉಂಡೆ ಕಟ್ಟುವುದು ಮುಗಿಯುವ ವೇಳೆಗೆ ಒಳಗೆ ದೀಪ ಹಚ್ಚಿಯಾಗಿತ್ತು. ಡಬ್ಬವು ಎಂದಿನಂತೆ ಅಟ್ಟಕ್ಕೆ ಹೋಯಿತು. ಏರಿಸಿದವರು ಈ ಸಲ ನಾವೇ. ಕೈ ತೊಳೆಯಲು ಹೊರಟವರನ್ನು ಆಕೆ ತಡೆದಳು.

“ಒರಳಿಗೆ ಮೆತ್ತಿಕೊಂಡಿರುವುದನ್ನು ಯಾರು ಬಳಿಯಬೇಕು? ಅದು ಕುಟ್ಟಿದವರಿಗೆ.”

“ಸೂರ್ಯ ಮುಳುಗಿದೆಯಲ್ಲ?”

“ಇಷ್ಟು ವರ್ಷ ಅದನ್ನು ನಾನು ಯಾವಾಗ ತಿನ್ನುತ್ತಿದ್ದೆನೆಂದು ತಿಳಿದಿರಿ?”

ಒರಳಿನ ಗುಳಿಯಲ್ಲಿ ಬೆರಳಾಡಿಸಿ ಬಳಿದೆವು. ಅರ್ಧವನ್ನು ಆಕೆಯ ಎಡ ಅಂಗೈಗೆ ಹಾಕಿದೆವು. ಕತ್ತಲಾಗಿತ್ತು, ಕಲ್ಲು ಇನ್ನೂ ಬೆಚ್ಚಗಿತ್ತು.