ಕಲ್ಲಿನ ಸಂದಿಯ ಹೂವು

ಅಕ್ಕಂದಿರೇ, ಪಾಷಾಣಭೇದದ ಹೆಸರು ಕೇಳಿದ್ದೀರಾ? ಪಾಷಾಣ ಅಂದರೆ ಕಲ್ಲು. ಕಲ್ಲು ಒಡೆಯುವ ಗಿಡ ಎಂದು ಅರ್ಥ.

ಇದು ಹಿಮಾಲಯದ ಗಿಡ. ತಂಪು ಬೆಟ್ಟದಲ್ಲಿ, ಬಂಡೆಯ ಸಂದಿಯಲ್ಲಿ ಬೆಳೆಯುತ್ತದೆ. ಎಲೆ ಅಗಲ, ದುಂಡಗೆ. ಅಂಚಿಗೆಲ್ಲ ಸಣ್ಣ ರೋಮ. ಚಳಿ ಕಳೆದ ಮೇಲೆ ಹೂ ಗೊಂಚಲು ಬಿಡುತ್ತದೆ. ಬಿಳಿ, ಇಲ್ಲವೇ ತಿಳಿಗೆಂಪು. ಹೂವಿಗೆ ಐದು ಎಸಳು. ದಪ್ಪ ಗಡ್ಡೆ ಬಂಡೆಯನ್ನು ಅಪ್ಪಿಕೊಂಡಿರುತ್ತದೆ. ಔಷಧಿಗೆ ಅಂತ ಅದನ್ನೇ ಅಗೆಯುತ್ತಾರೆ. ಗಡ್ಡೆಯನ್ನೇ ಕಿತ್ತರೆ ಗಿಡ ಉಳಿಯೋದು ಹೇಗೆ?

ನಮ್ಮ ಕಡೆ ಕಾಡುಬಸಳೆಗೂ ಕೆಲವರು ಪಾಷಾಣಭೇದ ಅಂತಾರೆ. ಅದು ಬೇರೆಯೇ ಗಿಡ. ಹೆಸರು ಒಂದೇ ಎಂದು ನಾವು ಯಾವುದನ್ನೋ ಅರೆದು ಕುಡಿಯಬಾರದು. ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಾಡುಬಸಳೆಯ ಗುರುತು ಸುಲಭ. ಎಲೆ ನುಣುಪು, ಮುರಿದರೆ ನೀರು. ಒಂದು ಎಲೆ ಹಸಿ ಮಣ್ಣಿನ ಮೇಲೆ ಇಡಿ. ಅಂಚಿನಲ್ಲೇ ಮರಿಗಿಡ ಏಳುತ್ತವೆ. ಹಿಮಾಲಯದ ಗಿಡದ ಎಲೆಯಲ್ಲಿ ಹಾಗೆ ಮರಿ ಬರೋದಿಲ್ಲ.