ಪುಟ ಕೆಡಿಸಿದ್ದು ಯಾರು?

ಬೇರೆಯವರ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುವ ವೆಬ್ ಪುಟ ನನ್ನ ಬ್ರೌಸರಿನಲ್ಲಿ ಮಾತ್ರ ಅಸ್ತವ್ಯಸ್ತವಾಗಿ ಕಾಣುವುದೇಕೆ?

ಹೆಚ್ಚಾಗಿ ಇದು ನೀವೇ ಸೇರಿಸಿಕೊಂಡ ಯಾವುದೋ ಆಡ್-ಆನ್‌ನ ಕೆಲಸ. ಜಾಹೀರಾತು ತಡೆಯುವ, ಹಿನ್ನೆಲೆಯನ್ನು ಕಪ್ಪಾಗಿಸುವ ಆಡ್-ಆನ್‌ಗಳು ಬಂದಿಳಿದ ಪುಟದೊಳಗೆ ತಮ್ಮದೇ ಸೂಚನೆಗಳನ್ನು ಸೇರಿಸುತ್ತವೆ. ಹದವಾಗಿ ಮಾಡಿಟ್ಟ ಸಾರಿಗೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಉಪ್ಪು ಹಾಕಿದಂತೆ. ಕಪ್ಪು ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ, ಒತ್ತಿದರೂ ತೆರೆಯದ ಮೆನು ಹುಟ್ಟುವುದು ಹೀಗೆ.

ಫೈರ್‌ಫಾಕ್ಸ್‌ನ ಸಹಾಯ ಮೆನುವಿನಲ್ಲಿ ‘ಟ್ರಬಲ್‌ಶೂಟ್ ಮೋಡ್’ ಇದೆ. ಅದರಲ್ಲಿ ಆಡ್-ಆನ್‌ಗಳೆಲ್ಲ ತಾತ್ಕಾಲಿಕವಾಗಿ ನಿಲ್ಲುತ್ತವೆ. ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲೂ ನೀವಾಗಿ ಅನುಮತಿ ಕೊಡದ ಹೊರತು ಅವು ಓಡುವುದಿಲ್ಲ. ಅಲ್ಲಿ ಪುಟ ಸರಿಯಾಗಿ ಕಂಡರೆ, ಆಡ್-ಆನ್‌ಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಿ ನೋಡಿ; ಸಂಶಯ ಉಳಿದ ಗುಂಪಿನಲ್ಲಿ ಮತ್ತೆ ಅರ್ಧ. 16 ಇದ್ದರೂ ನಾಲ್ಕೇ ಸುತ್ತಿನಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.